ಹೆಸರು ತಪ್ಪಿದ ಅಚ್ಚುಗಳು

ಕಿವಿಯ ಯಂತ್ರ ಮಾಡಿಕೊಡುವ ಕ್ಲಿನಿಕ್ಕಿನಲ್ಲಿ ಅವಳನ್ನು ಎಲ್ಲರೂ ಅಚ್ಚಕ್ಕ ಎನ್ನುತ್ತಿದ್ದರು. ಕಿವಿಯೊಳಗೆ ಕೂರುವ ತುಣುಕನ್ನು ಎರೆಯಲು ಒಬ್ಬೊಬ್ಬರ ಕಿವಿಯದೂ ಒಂದು ಅಚ್ಚು ಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಅಂಥ ಎರಡು ಸಾವಿರ ಅಚ್ಚುಗಳು ಅವಳ ಕೈ ದಾಟಿ ಹಿಂದಿನ ಕೋಣೆಯ ಡ್ರಾಯರುಗಳನ್ನು ಸೇರಿದ್ದವು. ಅವುಗಳ ಮೇಲೆ ನಂಬರಷ್ಟೇ, ಹೆಸರಿಲ್ಲ. ಹೆಸರಿನ ಉಸಾಬರಿ ಕಂಪ್ಯೂಟರಿನದು: ಫಾರ್ಮಿನಲ್ಲಿ ಪೇಶೆಂಟಿನ ಐಡಿ ಒತ್ತಿದರೆ, ಅವರ ಅಚ್ಚಿನ ನಂಬರು ಕೆಳಗೆ ತಾನಾಗಿ ಮೂಡುತ್ತಿತ್ತು.

ಇನ್ನೊಂದು ಶಾಖೆ ಮುಚ್ಚಿ ಅಲ್ಲಿನವರನ್ನೂ ಇಲ್ಲಿಗೆ ಸೇರಿಸಿದಾಗ, ಕಂಪ್ಯೂಟರಿನವನು ಒಂದೇ ಮಧ್ಯಾಹ್ನದಲ್ಲಿ ಪೇಶೆಂಟುಗಳಿಗೆಲ್ಲ ಹೊಸ ಐಡಿ ಹಂಚಿ, ಹಳೆಯ ಮೆಷಿನ್ನಿನಲ್ಲಿದ್ದದ್ದನ್ನೆಲ್ಲ ಅಳಿಸಿ ಅದನ್ನು ಗುಜರಿಗೆ ಹಾಕಿದ. ಅಚ್ಚುಗಳ ಪಟ್ಟಿಯಲ್ಲಿ ಮಾತ್ರ ಹಳೆಯ ಐಡಿಗಳೇ ಉಳಿದುಬಿಟ್ಟವು. ಒಬ್ಬರ ಹಳೆಯ ಐಡಿ ಈಗ ಇನ್ನೊಬ್ಬರ ಹೊಸ ಐಡಿಯಾಗಿತ್ತು.

ಮರುವಾರ ಒಬ್ಬ ಮುದುಕ, ಗಡಿಯಾರ ರಿಪೇರಿಯವನು, ಹೆಂಡತಿಯ ಕೈ ಹಿಡಿದು ಬಂದ. ಆಕೆಗೆ ಕಣ್ಣು ಕಾಣದು. ಅವನಿಗೆ ಎಡಗಿವಿ ಪೂರ್ತಿ ಸತ್ತಿದೆ. ಬಲಗಿವಿಯ ತುಣುಕು ಬಸ್ಸಿನಲ್ಲಿ ಬಿದ್ದುಹೋಗಿದೆ. ಅದೇ ಕಿವಿಗೆ ಆಗತಾನೇ ಆಪರೇಷನ್ ಆಗಿದ್ದರಿಂದ ಆರು ವಾರ ಹೊಸ ಅಚ್ಚು ತೆಗೆಯುವಂತಿಲ್ಲ. ಹಳೆಯದರಿಂದಲೇ ಮೆತ್ತನೆಯ ತುಣುಕು ಎರೆದು ಹಾಕಬಹುದು ಎಂದಿದ್ದರು ಡಾಕ್ಟರು.

"ಅವರು ಮಾತಾಡಿದ್ದು ನನಗೆ ಕೇಳತ್ತೆ. ನಾನು ಹೇಳಿದ್ದು ಅವರಿಗೆ ತಲುಪಲ್ಲ," ಎಂದಳು ಹೆಂಡತಿ. "ಜಗಳ ಆಡೋಕೂ ಆಗ್ತಿಲ್ಲ ನೋಡಿ."

ಅಚ್ಚಕ್ಕ ನಕ್ಕು, ಐಡಿ ಒತ್ತಿ, ನಂಬರು ಹಿಡಿದು ಡ್ರಾಯರು ಎಳೆದಳು. ಅಂಗೈಗೆ ಬಂದದ್ದು ಎಳೆಮಗುವಿನ ಕಿವಿ. ಇನ್ನೂ ಹತ್ತು ಜನರದ್ದು ತೆಗೆದು ನೋಡಿದಳು. ಎಲ್ಲವೂ ಅದಲುಬದಲು. ಕಂಪ್ಯೂಟರಿನವನಿಗೆ ಫೋನು ಹಚ್ಚಿದಳು.

"ಎರರ್ ಏನೂ ಬರ್ತಿಲ್ವಲ್ಲಮ್ಮ," ಎಂದ ಕಂಪ್ಯೂಟರಿನವನು ಫೋನಿನಲ್ಲಿ. "ಐಡಿ ಕೊಟ್ರೆ ರೆಕಾರ್ಡ್ ಬರ್ತಿದೆ ತಾನೇ?"

"ಬರ್ತಿದೆ. ಬೇರೆಯವರದ್ದು ಬರ್ತಿದೆ."

ಯಾರ ಹಳೆಯ ಐಡಿ ಯಾವುದಿತ್ತೆಂಬ ಪಟ್ಟಿಯ ನಕಲು ಇಲ್ಲವೆಂದು ಅವನು ಕೈತೊಳೆದುಕೊಂಡ. ಮ್ಯಾನೇಜರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮುದುಕನ ಎಡಗಿವಿಯ ಫೋಟೊ ಮೇಜಿನ ಮೇಲಿಟ್ಟುಕೊಂಡು, ಅದರ ಜೋಡಿಯಾಗಬಹುದಾದ ಬಲಗಿವಿಗಾಗಿ ಅವಳು ಒಂಬತ್ತು ದಿನ ಊಟದ ಬಿಡುವಿನಲ್ಲೆಲ್ಲ ಡ್ರಾಯರುಗಳನ್ನು ಜಾಲಾಡಿದಳು. ಹನ್ನೊಂದು ಅಚ್ಚು ಹೋಲುವಂತಿದ್ದವು. ಯಾವುದು ಅವನದೆಂದು ಎದೆ ತಟ್ಟಿ ಹೇಳಲಾರದೆ ಹೋದಳು. ಅಂದಾಜಿನ ಮೇಲೆ ಗಾಯದ ಕಿವಿಗೆ ಏನನ್ನೂ ತುರುಕಲು ಡಾಕ್ಟರು ಒಪ್ಪಲಿಲ್ಲ. "ಆರು ವಾರ ಮುಗಿಯೋವರೆಗೂ ಕಾಯಬೇಕಮ್ಮ," ಎಂದು ಮುದುಕನ ಹೆಂಡತಿಗೆ ಫೋನಿನಲ್ಲಿ ತಿಳಿಸಿದಳು.

ಆರು ವಾರ ಕಳೆದು ಇಬ್ಬರೂ ಬಂದಾಗ ಹೆಂಡತಿಯ ಬಲಗೈ ಪ್ಲಾಸ್ಟರಿನೊಂದಿಗೆ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಿತ್ತು.

"ಬಚ್ಚಲಲ್ಲಿ ಜಾರಿದೆ," ಎಂದಳು ಆಕೆ, ದೂರೇನೂ ಇಲ್ಲದ ದನಿಯಲ್ಲಿ. "ಒಂದು ಗಂಟೆ ಕೂಗಿದೆ. ಪಕ್ಕದ ರೂಮಲ್ಲೇ ಗಡಿಯಾರ ಬಿಚ್ಕೊಂಡು ಕೂತಿದ್ರು, ಪಾಪ. ಅವರಿಗೇನು ಗೊತ್ತು."

ಅಚ್ಚಕ್ಕ ಮುದುಕನ ಬಲಗಿವಿಗೆ ಅಚ್ಚಿನ ಹಿಟ್ಟು ತುಂಬಿದಳು. ಹೊಸ ಅಚ್ಚು ಗಟ್ಟಿಯಾಗುವವರೆಗೆ ಮುದುಕ ಹೆಂಡತಿಯ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಆಕೆ ಅವನಿಗೆ ಏನೋ ಹೇಳುತ್ತಲೇ ಇದ್ದಳು. ಅಚ್ಚಕ್ಕ ಗಟ್ಟಿಯಾದ ಅಚ್ಚನ್ನು ಹೊರತೆಗೆದು ತಿರುವಿ, ನಂಬರಿನ ಜಾಗದಲ್ಲಿ ಅವನ ಪೂರ್ತಿ ಹೆಸರನ್ನು ಸಣ್ಣಕ್ಷರದಲ್ಲಿ ಕೆತ್ತತೊಡಗಿದಳು.