ಅಜ್ಜಿ ಕದಿಯದ ಬೆಲ್ಲ

ಅರವತ್ತರ ದಶಕದ ಕೊನೆಗೆ ನಾನು ತೀರ್ಥಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದಾಗ ನಮ್ಮ ಮನೆಯ ಬೆಲ್ಲದ ಡಬ್ಬಕ್ಕೆ ಬೀಗ ಬಿತ್ತು. ಕಳ್ಳಿ ಎಂಬ ಅನುಮಾನ ಬಿದ್ದದ್ದು ಅಪ್ಪನನ್ನು ಹೆತ್ತ ಅಜ್ಜಿಯ ಮೇಲೆ.

ಕಾಲಿನ ಗಾಯ ಮಾಯುತ್ತಿಲ್ಲವೆಂದು ಅಪ್ಪ ಅವಳನ್ನು ಡಾಕ್ಟರಿಗೆ ತೋರಿಸಿದ್ದರು. ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಏನೇನು ಹೇಳಿದರೋ, ಅಪ್ಪ ಮನೆಗೆ ತಂದದ್ದು ಒಂದೇ ಮಾತು: "ಸಿಹಿ ಮುಟ್ಟಬಾರ್ದಂತೆ." ಬೆಲ್ಲದ ಕಾಫಿಯಿಲ್ಲದೆ ಕಣ್ಣೇ ಬಿಡದ ಅಜ್ಜಿ ಅಂದಿನಿಂದ ಕಹಿ ಕಾಫಿ ಕುಡಿದಳು. ಬಾಯಿ ಚಪ್ಪೆಯೆಂದು ಅನ್ನ ಮಾತ್ರ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದಳು. ಅನ್ನದ ಮೇಲೆ ಯಾರಿಗೆ ಅನುಮಾನ ಬರುತ್ತದೆ!

ಡಾಕ್ಟರ ಹತ್ತಿರ ಅವಳ ಮೂತ್ರವನ್ನು ನೀಲಿ ಔಷಧದ ಜೊತೆ ಕಾಯಿಸಿದರೆ ಪ್ರತಿಸಲವೂ ಇಟ್ಟಿಗೆ ಕೆಂಪು; ಸಕ್ಕರೆ ಚೂರೂ ಇಳಿದಿಲ್ಲ ಎಂದರ್ಥ. "ಅಜ್ಜಿ ಕಂಬಳಿ ಹೊದ್ಕೊಂಡು ಕಜ್ಜಾಯ ತಿಂತಾರೆ, ನೋಡ್ಕಳಿ" ಎಂದು ಕಾಂಪೌಂಡರ್ ನಕ್ಕ. ಅಮ್ಮ ಬೀಗ ಹಾಕಿದಳು. ಅಪ್ಪ ಅಜ್ಜಿಯೊಡನೆ ಮಾತೇ ಬಿಟ್ಟರು. "ದೇವ್ರಾಣೆ ಮುಟ್ಟಿಲ್ಲ ಕಣೋ" ಎಂದು ಅಜ್ಜಿ ಅವರ ಹಿಂದೆ ಕುಂಟುತ್ತ ಬರುತ್ತಿದ್ದಳು. ಕೆಂಪಾದ ನೀರಿನ ಮುಂದೆ ಮುದುಕಿಯ ಆಣೆಯನ್ನು ಯಾರು ನಂಬುತ್ತಾರೆ?

ಆಗಲೇ ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಪಿಷ್ಟದ ಪಾಠಕ್ಕೆ ಬಂದರು. ಅಕ್ಕಿಯಲ್ಲಿರುವುದು ಪಿಷ್ಟ; ಗ್ಲೂಕೋಸು ಒಂದಕ್ಕೊಂದು ಮಾಲೆಯ ಹಾಗೆ ಪೋಣಿಸಿಕೊಂಡರೆ ಪಿಷ್ಟ. ಎಂಜಲು ತಾಗಿದೊಡನೆ ಆ ಮಾಲೆ ತುಂಡಾಗತೊಡಗುತ್ತದೆ, ಕರುಳಿನಲ್ಲಿ ಪೂರಾ ಬಿಡಿಯಾಗಿ ರಕ್ತಕ್ಕೆ ಇಳಿಯುವುದು ಸಕ್ಕರೆಯೇ. ನನಗೆ ಬೆಂಚಿನ ಮೇಲೆ ಕೂರಲಾಗಲಿಲ್ಲ.

ಮನೆಗೆ ಓಡಿಬಂದು ಅಮ್ಮನ ಕೈಗೆ ಬರಿ ಅನ್ನದ ತುತ್ತು ಕೊಟ್ಟೆ. "ನುಂಗ್ಬೇಡ, ಅಗೀತಾ ಇರು."

"ಎಂಥ ಹುಚ್ಚೇ ನಿಂದು?" ಎನ್ನುತ್ತಲೇ ಅಮ್ಮ ಅಗಿದಳು. ಬಹಳ ಹೊತ್ತು ಅಗಿದಳು. ಆಮೇಲೆ ದವಡೆ ನಿಂತಿತು. "ಸಿಹಿ ಆಗ್ತದಲ್ಲೇ!"

"ಅಜ್ಜಿ ತಿಂದಿದ್ದು ಇದೇ ಸಿಹಿ. ಬಡಿಸಿದ್ದು ನೀನೇ."

ಅಮ್ಮ ಸೀದಾ ಜಗಲಿಗೆ ಹೋಗಿ ಅತ್ತೆಯ ಕಾಲು ಹಿಡಿದು ಅತ್ತಳು. "ತಪ್ಪಾಯ್ತು ಅತ್ತೆ. ಆದ್ರೆ ಇನ್ನು ಅನ್ನನೂ ಕಮ್ಮಿ ಮಾಡ್ಬೇಕು."

"ಬಿಟ್ಟೆ ಬಿಡೇ," ಎಂದಳು ಅಜ್ಜಿ. "ಕಳ್ಳಿ ಅನ್ನಿಸ್ಕೊಂಡು ಉಣ್ಣೋದಕ್ಕಿಂತ ಅದೇನು ಕಷ್ಟ? ಅವ್ನು ಬಂದ ಕೂಡ್ಲೆ ಹೇಳು."

ಸಂಜೆ ಅಪ್ಪ ಬಂದರು. ಅಮ್ಮ ಹೇಳಿದ್ದನ್ನೆಲ್ಲ ನಿಂತೇ ಕೇಳಿದರು. ಚಪ್ಪಲಿ ಬಿಡುವುದನ್ನೂ ಮರೆತು ಅಜ್ಜಿಯ ಕೋಣೆಯ ಬಾಗಿಲಿಗೆ ಹೋಗಿ, "ಅಮ್ಮಾ" ಎಂದು ಕರೆದರು.