ಉಸ್ತಾದರ ಚಿವುಟು, ಡಾಕ್ಟರ ತೂಕ

ಮನುಷ್ಯನ ದೇಹ ಪಂಚಭೂತಗಳಿಂದ ಆದದ್ದು ಎಂದು ಹಿರಿಯರು ಹೇಳಿದ್ದಾರೆ. ರಾಜಾಜಿನಗರದ ಫ್ಯಾಕ್ಟರಿ ಡಾಕ್ಟರ ಪ್ರಕಾರ ಅದು ಆದದ್ದು ಪೌಂಡುಗಳಿಂದ.

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಮೊದಲು ಶೆಡ್ಡುಗಳು ಏಳುತ್ತಿದ್ದವು. ಮಾಗಡಿ ರಸ್ತೆಯ ನಮ್ಮ ವಠಾರದಿಂದ ಇಬ್ಬರು ಅಲ್ಲಿನ ಒಂದು ಫ್ಯಾಕ್ಟರಿಗೆ ಕಬ್ಬಿಣ ಹೊರುವ ಕೆಲಸ ಕೇಳಲು ಹೋದೆವು: ನಾನು ಮತ್ತು ಪಕ್ಕದ ಮನೆಯವನು. ಇಟ್ಟಿಗೆ ಗೂಡಿನ ಹೊಗೆ ಕುಡಿದು ಕೆಮ್ಮುತ್ತಿದ್ದ ಅಪ್ಪನನ್ನು ಮನೆಯಲ್ಲಿ ಕೂರಿಸಬೇಕಾದರೆ ನನಗೆ ಆ ಕೆಲಸ ಸಿಗಲೇಬೇಕಿತ್ತು. ಗರಡಿಯ ಮಣ್ಣಿನಲ್ಲಿ ಹೊರಳಿ ಬೆಳೆದ ಮೈ ನನ್ನದು. ಸಿಗದಿರುವ ಮಾತೇ ಇಲ್ಲ ಎಂದುಕೊಂಡಿದ್ದೆ. ಪಕ್ಕದ ಮನೆಯವನದು ಕಡ್ಡಿಯಂಥ ಕೈಕಾಲು, ನಡುವೆ ಒಂದು ಮಡಕೆ.

ಡಾಕ್ಟರು ಇಬ್ಬರನ್ನೂ ತೂಗಿದರು, ಎತ್ತರ ಅಳೆದರು, ಗೋಡೆಯ ಪಟ್ಟಿ ನೋಡಿದರು. ಇಷ್ಟು ಎತ್ತರಕ್ಕೆ ಇಷ್ಟೇ ತೂಕ ಎಂದು ಯಾವುದೋ ಚಳಿದೇಶದಲ್ಲಿ ಅಚ್ಚಾದ ಪಟ್ಟಿ. ಅದರಂತೆ ಅವನು ಸರಿಯಾಗಿದ್ದ. ನನಗೆ ಬೊಜ್ಜು.

"ಸಾರ್, ಇದು ಗರಡಿ ಮೈ. ಬೇಕಾದ್ರೆ ಮುಟ್ಟಿ ನೋಡಿ."

"ಮುಟ್ಟಿ ನೋಡೋದೆಲ್ಲ ಕುರಿ ಸಂತೇಲಿ ಕಣಯ್ಯ. ಇಳಿಸ್ಕೊಂಡು ಮುಂದಿನ ತಿಂಗಳು ಬಾ."

ಸುದ್ದಿ ಕೇಳಿ ಗರಡಿಯ ಉಸ್ತಾದರು ಕೆರಳಿದರು. ಅವರ ಶಾಸ್ತ್ರದಲ್ಲಿ ಬೊಜ್ಜಿಗೆ ಎರಡು ಪರೀಕ್ಷೆ. ಮೊದಲನೆಯದು ಚಿವುಟು: ಸೊಂಟದ ಪಕ್ಕ ಎರಡು ಬೆರಳಿಗೆ ಎಷ್ಟು ಸಿಕ್ಕಿತೋ ಅಷ್ಟು ಕೊಬ್ಬು. ನನ್ನಲ್ಲಿ ಬರೀ ಚರ್ಮ ಸಿಕ್ಕಿತು. ರಶೀತಿಯಾಗಿ ನೀಲಿ ಗುರುತು ಉಳಿಯಿತು. ಪಕ್ಕದ ಮನೆಯವನನ್ನು ಕರೆಸಿ ಹಿಡಿದರು. ಹಿಡಿ ತುಂಬಿತು. ಎರಡನೆಯದು ಬಾವಿ: ಉಸಿರೆಲ್ಲ ಬಿಟ್ಟು ನೀರಿನಲ್ಲಿ ಸುಮ್ಮನಿರಬೇಕು, ಮುಳುಗಿದವನಲ್ಲಿ ಕಸುವು, ತೇಲಿದವನಲ್ಲಿ ಕೊಬ್ಬು. ನಾನು ಒರಳುಕಲ್ಲಿನಂತೆ ಇಳಿದೆ. ಅವನು ತೆಂಗಿನಕಾಯಿಯಂತೆ ತೇಲುತ್ತಲೇ ಕೇಳಿದ:

"ಉಸ್ತಾದ್ರೇ, ಕೆಲಸ ಸಿಕ್ಕಿರೋದು ಮುಳುಗಿದೋನ್ಗಾ, ತೇಲಿದೋನ್ಗಾ?"

"ಆ ಡಾಕ್ಟರ್‌ನ ಬಾವಿಗೆ ಕರ್ಕೊಂಡ್ ಬಾರೋ" ಎಂದರು ಉಸ್ತಾದರು ನನಗೆ.

ಕೆಲಸ ಕೊಡುವವರ ಬಳಿ ಬಾವಿ ಇರಲಿಲ್ಲ, ತೂಕದ ಯಂತ್ರವಿತ್ತು. ನಾನು ಯಂತ್ರಕ್ಕೆ ಶರಣಾದೆ. ಮುದ್ದೆ ಬಿಟ್ಟೆ, ಸಾಮು ಬಿಟ್ಟೆ, ಗಂಜಿ ನೀರು ಕುಡಿದೆ. ಮೊದಲು ತೋಳು ಕರಗಿತು, ಆಮೇಲೆ ತೊಡೆ. ಯಾರ ಕಣ್ಣು ಬಿತ್ತೋ ಎಂದು ಅಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಉಸ್ತಾದರು ಮತ್ತೊಮ್ಮೆ ಚಿವುಟಿ, "ಈಗ ಕೈಗೆ ಸಿಗ್ತೀಯ ನೋಡು" ಎಂದು ಮುಖ ತಿರುಗಿಸಿದರು.

ಮುಂದಿನ ತಿಂಗಳು ಮುಳ್ಳು ಪಟ್ಟಿಗೆ ಸರಿಯಾಗಿ ನಿಂತಿತು. "ಈಗ ಮನುಷ್ಯ ಆದೆ" ಎಂದರು ಡಾಕ್ಟರು.

ಹೊರಗೆ ಮೇಸ್ತ್ರಿ ಕಾಯುತ್ತಿದ್ದ. ಆ ಒಂದು ತಿಂಗಳಲ್ಲಿ ಪಕ್ಕದ ಮನೆಯವನು ಕಬ್ಬಿಣದ ಗಟ್ಟಿಯೊಂದನ್ನು ಎತ್ತಲಾರದೆ ಕಾಲ ಮೇಲೆ ಕೆಡವಿಕೊಂಡಿದ್ದನಂತೆ. ಹಾಗಾಗಿ ಹೊಸ ಕಾನೂನು: ಡಾಕ್ಟರು ಒಪ್ಪಿದವನೂ ಅಂಗಳದಲ್ಲಿ ಒಂದು ಗಟ್ಟಿ ಎತ್ತಿ ತೋರಿಸಬೇಕು. ಗರಡಿಯಲ್ಲಿ ಅದಕ್ಕಿಂತ ಭಾರದ ಕಲ್ಲನ್ನು ಹೆಗಲಿಗೇರಿಸಿದವನು ನಾನು. ಮೊಣಕಾಲಿನವರೆಗೆ ಎತ್ತಿದೆ. ಕಣ್ಣು ಕತ್ತಲಿಟ್ಟಿತು. ಇಳಿಸಿದೆ.

"ಊಟಗೀಟ ಮಾಡಲ್ವೇನಪ್ಪ?" ಎಂದ ಮೇಸ್ತ್ರಿ, ಮರುಕದಿಂದಲೇ. "ಸ್ವಲ್ಪ ಮೈ ಬೆಳೆಸ್ಕೊಂಡು ಬಾ."

ನನಗೆ ಕೆಲಸ ಸಿಗಲಿಲ್ಲ. ಪಕ್ಕದ ಮನೆಯವನನ್ನು ಗೇಟಿನಲ್ಲಿ ಚೀಟಿ ಬರೆಯಲು ಕೂರಿಸಿದರು. ಅವನು ಅಲ್ಲೇ ರಿಟೈರ್ ಆದ. ಅಪ್ಪ ಸಾಯುವವರೆಗೂ ಇಟ್ಟಿಗೆ ಗೂಡಿಗೆ ಹೋದರು.