ಗಾಳಿಯೋ ನೀರೋ

ಆ ವರ್ಷ ಅಮೆರಿಕದ ಗಲ್ಫ್ ತೀರಕ್ಕೆ ಒಂದರ ಹಿಂದೊಂದು ಚಂಡಮಾರುತ ಬಂತು. ಮೊದಲನೆಯದು ನಮ್ಮ ಮನೆಯ ಚಾವಣಿಯನ್ನು ಎತ್ತಿಕೊಂಡು ಹೋಯಿತು, ಎರಡನೆಯದು ಉಳಿದದ್ದನ್ನು. ಎರಡನೆಯದನ್ನು ನಾನು ನೋಡಿದ್ದು ದೂರದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ, ಅಣ್ಣನ ಮನೆಯ ಟೀವಿಯಲ್ಲಿ, ಅದೂ ಶಬ್ದವಿಲ್ಲದೆ.

ನನ್ನ ಗಂಡ ಮಂಗಳೂರಿನಲ್ಲಿ ಮೀನುಗಾರಿಕೆ ಓದಿದವರು. ಸಮುದ್ರದ ಪಕ್ಕದ ಆ ಸಣ್ಣ ಊರಿನಲ್ಲಿ ಸಿಗಡಿ ಸುಲಿದು, ತೊಳೆದು, ಮಂಜುಗಡ್ಡೆಯಂತೆ ಗಟ್ಟಿ ಮಾಡಿ ದೂರದೂರಿಗೆ ಕಳಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸ ಅವರದು. ಸುತ್ತಲಿನವರಿಗೆ ನಮ್ಮ ಹೆಸರು ಕರೆಯಲು ಬರುತ್ತಿರಲಿಲ್ಲ, ಆದರೆ ದೋಣಿ ಬಂದ ದಿನ ಯಾರಾದರೊಬ್ಬರು ಮೀನು ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಉಡುಪಿ ಬಿಟ್ಟ ಮೇಲೆ ನಾನು ನೆಮ್ಮದಿಯಿಂದ ಉಂಡದ್ದು ಆ ಊರಿನಲ್ಲಿ.

ಚಾವಣಿ ಹೋದ ಮೇಲೆ ಆರು ವರ್ಷದ ಮಗಳನ್ನು ಇಟ್ಟುಕೊಂಡು ಅಲ್ಲಿರುವಂತಿರಲಿಲ್ಲ. "ನೀನು ಅಣ್ಣನಲ್ಲಿಗೆ ಹೋಗು ಮಾರಾಯ್ತಿ. ನಾನು ಮನೆಯ ಮಾಡು ಸರಿ ಮಾಡಿಸಿ ಕರೀತೇನೆ. ಎಂತ, ಒಂದು ತಿಂಗಳ ಮಾತು" ಎಂದರು ಇವರು. ಒಡೆದ ಕಿಟಕಿಗಳಿಗೆ ಹಲಗೆ ಹೊಡೆಯುತ್ತಲೇ ನಮ್ಮನ್ನು ಬೀಳ್ಕೊಟ್ಟರು.

ಅಣ್ಣ ಸ್ಯಾನ್ ಹೊಸೆಯಲ್ಲಿ ಇಂಜಿನಿಯರ್. ಅತ್ತಿಗೆ ಮೈಸೂರಿನವರು, ಸಸ್ಯಾಹಾರಿಗಳು. ಮೀನಿಲ್ಲದೆ ತುತ್ತೆತ್ತದಿದ್ದ ನನ್ನ ಅಣ್ಣ ಮದುವೆಯಾದ ವಾರದಲ್ಲೇ ಮೀನು ಬಿಟ್ಟಿದ್ದ. ಅದು ಅವನ ಇಷ್ಟ. ಅತ್ತಿಗೆ ನಮ್ಮನ್ನು ಬಾಗಿಲಲ್ಲೇ ತಬ್ಬಿಕೊಂಡರು, ಮಗಳಿಗೆ ಒಂದು ಕೋಣೆ ಬಿಟ್ಟುಕೊಟ್ಟರು, ಬಿಸಿಬೇಳೆ ಭಾತು ಮಾಡಿ ಬಡಿಸಿದರು. ಇದನ್ನೆಲ್ಲ ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು.

ಆದರೆ ಮೊದಲ ಶನಿವಾರವೇ ಜನ ಬರಲು ಶುರುವಾಯಿತು. ಬೆಂಗಳೂರಿನವರು, ಮೈಸೂರಿನವರು, ಡಾಕ್ಟರುಗಳು, ಕಂಪ್ಯೂಟರಿನವರು. ಕಾಫಿ ಲೋಟ ಕೈಗೆ ಬಂದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿ, "ಹೇಳಮ್ಮಾ, ಆ ಚಾವಣಿ ಹಾರಿದ್ದು ಹೇಳು. ಎಷ್ಟು ಭಯಂಕರ ಗೊತ್ತಾ ಇವರ ಕತೆ!" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಸ್ನಾನದ ಕೋಣೆಯಲ್ಲಿ ಮಗಳ ಮೇಲೆ ಹಾಸಿಗೆ ಹೊದಿಸಿ ನಾವಿಬ್ಬರೂ ಅದರ ಮೇಲೆ ಕವುಚಿಕೊಂಡದ್ದು, ರೈಲು ತಲೆಯ ಮೇಲೆ ಹೋದಂತಹ ಸದ್ದು, ಆಮೇಲೆ ಕಣ್ಣೆತ್ತಿದರೆ ಆಕಾಶ. ಕೇಳಿದವರು "ಅಯ್ಯೋ ದೇವರೇ" ಎಂದು, ಇನ್ನೊಂದು ಚಕ್ಕುಲಿ ತೆಗೆದುಕೊಳ್ಳುತ್ತಿದ್ದರು. ಯಾರಾದರೂ ಒಬ್ಬರು ಖಂಡಿತ ಕೇಳುತ್ತಿದ್ದರು, "ಅಂಥ ಜಾಗದಲ್ಲಿ ಮನೆ ಯಾಕ್ರೀ ತಗೊಂಡ್ರಿ?" ಕೆಲವೇ ವಾರಗಳಲ್ಲಿ ನಾನು ಎಲ್ಲಿ ನಿಲ್ಲಿಸಿದರೆ ಅವರು ಉಸಿರು ಹಿಡಿಯುತ್ತಾರೆ ಎಂಬುದು ನನಗೇ ಗೊತ್ತಾಗತೊಡಗಿತು. ಅಂಥ ಜಾಣತನ ನನಗೆ ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು.

ಎರಡನೆಯ ಚಂಡಮಾರುತ ಬಂದದ್ದು ನವರಾತ್ರಿಯಲ್ಲಿ. ಇವರು ಹಿಂದಿನ ಸಂಜೆ ಫೋನು ಮಾಡಿ, "ಇದು ಸಣ್ಣದಂತೆ, ಗಾಳಿ ಜಾಸ್ತಿ ಇಲ್ಲ" ಎಂದಿದ್ದರು. ಮರುದಿನ ಬೆಳಗ್ಗೆಯಿಂದ ಫೋನು ಸತ್ತಿತ್ತು. ಗಾಳಿ ಜಾಸ್ತಿ ಇರಲಿಲ್ಲ, ನಿಜ. ಅದು ತೀರದಲ್ಲೇ ಸುತ್ತು ಹಾಕುತ್ತ ಕೂತುಬಿಟ್ಟಿತು, ಸಮುದ್ರವನ್ನು ಊರೊಳಕ್ಕೆ ತಳ್ಳುತ್ತ. ಆ ಮಧ್ಯಾಹ್ನ ಅತ್ತಿಗೆ ಗೊಂಬೆ ನೋಡಲು ಹೆಂಗಸರನ್ನು ಕರೆದಿದ್ದರು. ಗೊಂಬೆಯ ಮೆಟ್ಟಿಲುಗಳ ಪಕ್ಕದಲ್ಲೇ ಟೀವಿ.

"ಸೌಂಡ್ ಮಾತ್ರ ಆಫ್ ಮಾಡ್ತೀನಮ್ಮಾ. ಹಾಡು ಹೇಳೋವಾಗ ಚೆನ್ನಾಗಿರಲ್ಲ, ಅಲ್ವಾ?" ಎಂದರು ಅತ್ತಿಗೆ.

ನಾನು ಕಡಲೆಕಾಳಿನ ಉಸಲಿಯ ಪಾತ್ರೆ ಹಿಡಿದು ಎಲ್ಲರಿಗೂ ಹಂಚಿದೆ. ತೆರೆಯ ಮೇಲೆ ಬಿಳಿಯ ಸುಳಿ ತಿರುಗುತ್ತಿತ್ತು, ಆಮೇಲೆ ನೀರಲ್ಲಿ ಅರ್ಧ ಮುಳುಗಿದ ಮನೆಗಳು. ಅದರಲ್ಲಿ ನಮ್ಮದು ಯಾವುದು, ಇವರು ಎಲ್ಲಿ ಎಂದು ಹುಡುಕುತ್ತ ಕುಂಕುಮದ ಬಟ್ಟಲು ಎಲ್ಲಿಟ್ಟೆನೋ ಮರೆತೆ. ರೇಷ್ಮೆ ಸೀರೆಯ ಹೆಂಗಸೊಬ್ಬರು ಟೀವಿಯತ್ತ ಬೆರಳು ತೋರಿಸಿ, "ಅದೇ ಊರಾ ನಿಮ್ಮದು? ವಾವ್" ಎಂದರು. ಮಗಳು ಸೋಫಾದ ಹಿಂದೆ ಕೂತು ಅಳುತ್ತಿದ್ದಳು. ನಾನು ಪಕ್ಕಕ್ಕೆ ಹೋದರೆ, "ಐ ವಾಂಟ್ ಡ್ಯಾಡಿ ಟು ಟಾಕ್" ಎಂದಳು. ಅವಳನ್ನು ಎತ್ತಿಕೊಂಡು ಹೋಗಿ ಇವರ ನಂಬರಿಗೆ ಇನ್ನೊಮ್ಮೆ ಫೋನು ಮಾಡಿ ನೋಡಿದೆ.

ಇವರ ಫೋನು ಬರುವ ಹೊತ್ತಿಗೆ ಗೊಂಬೆಗಳು ಡಬ್ಬಕ್ಕೆ ಹೋಗಿದ್ದವು. "ಜೀವ ಉಂಟು" ಎಂದರು. "ಅಷ್ಟೇ ಉಳಿದದ್ದು."

ಆಮೇಲೆ ವಿಮೆಯವರು ಬಂದರಂತೆ. ನಮ್ಮ ಮನೆಗೆ ಗಾಳಿಗೆ ವಿಮೆ ಇತ್ತು, ನೆರೆಯ ನೀರಿಗೆ ಇರಲಿಲ್ಲ. ಚಾವಣಿ ಗಾಳಿಯಲ್ಲೇ ಹೋದದ್ದು ಎಂದು ಇವರು ಹೇಳಿದರೆ, ಇರಬಹುದು, ಆದರೆ ನಾವು ಬಂದು ನೋಡುವಾಗ ಒಳಗಿನದೆಲ್ಲ ನೀರಿಗೆ ಹಾಳಾಗಿದೆ, ಯಾವುದು ಗಾಳಿಯದು ಯಾವುದು ನೀರಿನದು ಎಂದು ಹೇಗೆ ಬೇರೆ ಮಾಡುವುದು ಎಂದನಂತೆ ಬಂದವನು. ಮೊದಲ ಗಾಳಿ ಬೀಸಿದಾಗಲೇ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ, ತೀರದುದ್ದಕ್ಕೂ ಮನೆ ಕಳೆದುಕೊಂಡವರು ಇದ್ದಾರೆ, ನಿಮ್ಮ ಸರದಿ ಬಂದಿರಲಿಲ್ಲ ಎಂದನಂತೆ. ಕೈಗೆ ಬಂದದ್ದು ಸಾಲದವರಿಗೂ ಸಾಲಲಿಲ್ಲ. ಕಾರ್ಖಾನೆಯ ಮಾಲೀಕರು ಬಾಗಿಲು ಹಾಕಿ ಬೇರೆ ರಾಜ್ಯಕ್ಕೆ ಹೋದರು.

ಇವರು ಕಾರಿನಲ್ಲಿ ದೇಶ ದಾಟಿ ಬಂದರು. ಗಡ್ಡ ಬೆಳೆದಿತ್ತು, ಅಂಗೈ ಸುಲಿದಿತ್ತು. ಕರೆಂಟು ಇಲ್ಲದೆ ಕಾರ್ಖಾನೆಯಲ್ಲಿ ಕೊಳೆತ ಸರಕನ್ನೆಲ್ಲ ಕೆಲಸದವರ ಜೊತೆ ನಿಂತು ಸಲಿಕೆಯಿಂದ ಎತ್ತಿ ಹಾಕಿದ್ದರು. ಆ ವಾಸನೆ ಬಟ್ಟೆಗೆ, ಕಾರಿನ ಸೀಟಿಗೆ, ಕೂದಲಿಗೆ ಹತ್ತಿತ್ತು. ಅತ್ತಿಗೆ ಬಾಗಿಲಿಗೆ ಬಂದವರು ಎರಡು ಹೆಜ್ಜೆ ಹಿಂದೆ ಸರಿದರು.

"ನೀವು ಬೇಜಾರ್ ಮಾಡ್ಕೋಬೇಡಿ. ಬಟ್ಟೆ ಎಲ್ಲಾ ಗರಾಜಲ್ಲೇ ಬಿಚ್ಚಿಡಿ. ದೇವರ ಮನೆ ಹತ್ತಿರಾನೇ ಇದೆ ನೋಡಿ, ಅದಕ್ಕೆ."

ಇವರು "ಆಗಬಹುದು" ಎಂದು ಗರಾಜಿಗೆ ಹೋದರು. ಅಣ್ಣ ಟವೆಲು ಹಿಡಿದುಕೊಂಡು ನಿಂತಿದ್ದ, ನನ್ನ ಮುಖ ನೋಡಲಿಲ್ಲ. ಆ ಟವೆಲನ್ನು ಅವನ ಕೈಯಿಂದ ಕಿತ್ತುಕೊಂಡು ನಾನೇ ಒಯ್ದೆ. ಇವರು ಸಿಮೆಂಟಿನ ನೆಲದ ಮೇಲೆ ಬರಿಮೈಯಲ್ಲಿ ನಿಂತು, ಬಿಚ್ಚಿದ ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಚುತ್ತಿದ್ದರು. ಕಸಕ್ಕೆ ಹೋಗುವ ಬಟ್ಟೆ ಅದು.

ಕೆಲಸ ಹುಡುಕುವಾಗ ಅಣ್ಣ ಇವರನ್ನು ಸ್ನೇಹಿತರಿಗೆ ಪರಿಚಯಿಸುತ್ತಿದ್ದ ರೀತಿ ನೆನಪಿದೆ. "ನಮ್ಮ ಭಾವ, ಫುಡ್ ಪ್ರಾಸೆಸಿಂಗಲ್ಲಿದ್ರು." ಸಿಗಡಿ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಯಾರೋ ಮತ್ತೆ ಕೆದಕಿ ಕೇಳಿದಾಗ ಇವರೇ, "ಸಿಗಡಿ ಮಾರಾಯ್ರೆ, ಸಿಗಡಿ" ಎಂದರು. ಆತ ನಕ್ಕು, "ಇಲ್ಲಿ ಚಿಪ್ಸ್ ಇದೆ, ಫಿಶ್ ಇಲ್ಲ" ಎಂದ. ಎಲ್ಲರೂ ನಕ್ಕರು, ಅಣ್ಣನೂ. ಕೊನೆಗೆ ಅಣ್ಣನ ಪರಿಚಯದವರ ಸಣ್ಣ ಕಂಪನಿಯಲ್ಲಿ, ಕಂಪ್ಯೂಟರಿನೊಳಗಿನ ಚಿಪ್ಸ್‌ಗಳ ಬೆಸುಗೆ ಸರಿಯಾಗಿ ಕೂತಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡುವ ಕೆಲಸ ಸಿಕ್ಕಿತು. ಶಾಲೆ ಮುಗಿಸಿದ ಹುಡುಗರು ಮಾಡುವ ಕೆಲಸ. ಇವರು ಅದನ್ನೇ ಹಿಡಿದರು. ನಾನೊಂದು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಸೇರಿದೆ. ಸಣ್ಣ ಅಪಾರ್ಟ್‌ಮೆಂಟು ಹಿಡಿದೆವು.

ನಾವು ಅಲ್ಲಿಗೆ ಹೋದ ವಾರ ಕನ್ನಡದವರೆಲ್ಲ ಸೇರಿ ನಮಗಾಗಿ ಸಾಮಾನು ಕೂಡಿಸಿ ಕಳಿಸಿದರು. ಹಿಡಿ ಇಲ್ಲದ ಕುಕ್ಕರು, ಒಂಟಿ ಚಪ್ಪಲಿ, ಯಾರದೋ ಮಗು ಗೀಚಿದ ಬಣ್ಣದ ಪುಸ್ತಕ. ಒಳ್ಳೆಯದೂ ಇತ್ತು. ನನಗೆ ಒಂದು ಹಸಿರು ಸೀರೆ ಬಂದಿತ್ತು, ಸೆರಗಿನಲ್ಲಿ ಸಣ್ಣ ಹರಕು. ಅದನ್ನು ಹೊಲಿದು, ಆ ಸಲ ಡಿಸೆಂಬರಿನಲ್ಲಿ ಇಟ್ಟುಕೊಂಡ ರಾಜ್ಯೋತ್ಸವಕ್ಕೆ ಶಾಲೆಯೊಂದರ ಹಾಲಿಗೆ ಉಟ್ಟುಕೊಂಡು ಹೋದೆ. ಬೇರೆ ಇದ್ದರೆ ತಾನೇ ಉಡುವುದು? ಊಟದ ಸಾಲಿನಲ್ಲಿ ನಿಂತಾಗ ಒಬ್ಬರು ಹಿಂದಿನಿಂದ ಬಂದು ಸೆರಗು ಮುಟ್ಟಿದರು.

"ಅಯ್ಯೋ, ಇದು ನಂದೇ ಕಣ್ರೀ! ನಿಮಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ. ನಾನೇ ಕೊಟ್ಟಿದ್ದು, ಹರಿಕೇನ್‌ಗೆ" ಎಂದು ಪಕ್ಕದವರಿಗೂ ಕೇಳುವಂತೆ ಹೇಳಿದರು. ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಮಗಳು ನನ್ನ ಕೈ ಹಿಡಿದಿದ್ದಳು. "ವೈ ಈಸ್ ಶೀ ಟೆಲಿಂಗ್ ಎವ್ರಿಬಡಿ?" ಎಂದಳು, ಗಟ್ಟಿಯಾಗಿಯೇ. ಆ ಹೆಂಗಸಿನ ಮುಖ ಕೆಂಪಾಯಿತು. ನಾನು ಮಗಳನ್ನು ಗದರಲಿಲ್ಲ, ಅವರಿಗೆ ಸಮಾಧಾನವನ್ನೂ ಹೇಳಲಿಲ್ಲ. ತಟ್ಟೆಗೆ ಪುಳಿಯೋಗರೆ ಹಾಕಿಸಿಕೊಂಡು ಬಂದು ಕೂತು ಪೂರ್ತಿ ಉಂಡೆ. ಆ ಸೀರೆಯನ್ನು ಮತ್ತೆ ಉಡಲಿಲ್ಲ.

ಅಲ್ಲಿಂದಾಚೆ ಅಣ್ಣನ ಮನೆಗೆ ಹೋಗುವುದು ಕಡಿಮೆಯಾಯಿತು. ಜಗಳವಾಡಲಿಲ್ಲ. ಜಗಳವಾಡಲು ಯಾರ ಮೇಲೆ ಏನು ಹೊರಿಸುವುದು? ಅತ್ತಿಗೆ ಫೋನು ಮಾಡಿ, "ಮರೆತೇಬಿಟ್ರಾ ನಮ್ಮನ್ನ? ಆ ಟೈಮಲ್ಲಿ ನಾವೇ ಅಲ್ವಾ ಇದ್ದಿದ್ದು" ಎನ್ನುತ್ತಿದ್ದರು. ಹೌದು, ಅವರೇ ಇದ್ದದ್ದು. ಮನೆ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಈ ಮಾತು. ಮನೆ ಒಂದು ಸಲ ಹೋಯಿತು, ಇದು ಪ್ರತಿ ಹಬ್ಬಕ್ಕೂ ಬರುತ್ತಿತ್ತು.

ಒಂದು ಭಾನುವಾರ ಮೆನ್ಲೋ ಪಾರ್ಕಿನ ಕಡೆ ಹೋಗಿದ್ದಾಗ ಕೊಲ್ಲಿಯ ಅಂಚಿನಲ್ಲಿ ಕಾರು ನಿಲ್ಲಿಸಿದೆವು. ನೀರಿಳಿದು ಕೆಸರು ಕಾಣುತ್ತಿತ್ತು, ಉಪ್ಪಿನ ವಾಸನೆ ಬರುತ್ತಿತ್ತು. ಊರಿನಲ್ಲಾಗಿದ್ದರೆ ಇವರು ಪ್ಯಾಂಟು ಮಡಚಿ ಇಳಿದೇಬಿಡುತ್ತಿದ್ದರು. ಅಂದು ಕಿಟಕಿಯ ಗಾಜು ಏರಿಸಿ, "ಹೋಗುವ" ಎಂದರು. ಆಮೇಲೆ ಆ ರಸ್ತೆಗೆ ಕಾರು ತಿರುಗಿಸಲಿಲ್ಲ. ಬೆಸುಗೆ ನೋಡುವ ಕೆಲಸದಲ್ಲೇ ಮುಂದುವರಿದರು, ಕಣ್ಣು ಮಂಜಾಗತೊಡಗಿದರೂ.

ಹತ್ತು ವರ್ಷ ತುಂಬುವ ಹೊತ್ತಿಗೆ ವಾಲ್ನಟ್ ಕ್ರೀಕ್ ಎಂಬ ಊರಿನಲ್ಲಿ ಒಂದು ಪುಟ್ಟ ಹಳೆಯ ಮನೆ ಕೊಳ್ಳುವಷ್ಟಾದೆವು. ಗುಡ್ಡಗಳ ಹಿಂದೆ, ಕೊಲ್ಲಿ ಕಣ್ಣಿಗೆ ಬೀಳದ ಜಾಗ, ಇವರೇ ಆರಿಸಿದ್ದು. ಮನೆ ತೋರಿಸಲು ಬಂದ ಹೆಂಗಸು ಅಡುಗೆಮನೆ, ಕಪಾಟು, ಹಿತ್ತಲು ಎಲ್ಲ ತೋರಿಸಿದಳು. ಇವರು ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಬೇಲಿಯಾಚೆಯ ತೋಡು, ಆ ಸಣ್ಣ ಹಳ್ಳ ತುಂಬಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಮಾತ್ರ ಕೇಳಿದರು.

ಅವಳು ನಕ್ಕು, ಇದು ಕ್ಯಾಲಿಫೋರ್ನಿಯಾ, ಇಲ್ಲಿ ಚಂಡಮಾರುತ ಬರುವುದಿಲ್ಲ ಎಂದಳು. ಇವರು ನಗಲಿಲ್ಲ. ಅವಳನ್ನು ಅಲ್ಲೇ ಬಿಟ್ಟು ಹಿತ್ತಲ ಬಾಗಿಲಿನಿಂದ ಇಳಿದು, ಬೇಲಿ ದಾಟಿ, ಒಣಗಿದ ಆ ತೋಡಿನ ತಳಕ್ಕೆ ಹೋಗಿ ನಿಂತರು. ಅಲ್ಲಿಂದ ತಲೆಯೆತ್ತಿ ಮನೆಯನ್ನು ನೋಡುತ್ತ ತುಂಬ ಹೊತ್ತು ನಿಂತರು. ನಾನು, ಮಗಳು, ಆ ಹೆಂಗಸು ಮೇಲಿನಿಂದ ಕಾಯುತ್ತಿದ್ದೆವು.